ಎರಡು ಪಾಂಗದ ನೋಟು

ಎಣ್ಣೆ ಕಾಯುತ್ತಿತ್ತು. ಲಫಾಯೆಲೆ ಬುಟ್ಟಿಯಿಂದ ಹೂವನ್ನು ಹಿಡಿಹಿಡಿಯಾಗಿ ತೆಗೆದು ಪಾತ್ರೆಗೆ ಹಾಕುತ್ತಿದ್ದಾಗ ಚರ್ಚಿನ ಉಪದೇಶಿ ಬೇಲಿಯ ಹತ್ತಿರ ಬಂದು ನಿಂತ. ಒಳಗೆ ಬರಲಿಲ್ಲ, ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅಷ್ಟರಲ್ಲೇ ಮುದುಕನಿಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ಉಪದೇಶಿ ಹೇಳಿದ. ಆಕ್ಲೆಂಡಿನಲ್ಲಿ ಮೆಲೆನಾಯ್ತೆ ತೀರಿಕೊಂಡಿದ್ದಳು. ಕೆಲಸ ಮುಗಿಸಿ ಬಸ್ಸು ಹತ್ತಿ, ಕಿಟಕಿಗೆ ತಲೆಯಾನಿಸಿ ಕೂತವಳು ಕೂತಂತೆಯೇ ಹೋಗಿದ್ದಳು. ನಿದ್ದೆ ಮಾಡುತ್ತಿದ್ದಾಳೆಂದು ಕೊನೆಯ ನಿಲ್ದಾಣದವರೆಗೂ ಯಾರೂ ಎಬ್ಬಿಸಲಿಲ್ಲವಂತೆ.

ಲಫಾಯೆಲೆ ಕೈಯಲ್ಲಿ ಉಳಿದಿದ್ದ ಹೂವನ್ನೂ ಎಣ್ಣೆಗೆ ಹಾಕಿದ. ಅದು ಅವಳಿಗಾಗಿಯೇ ಕಾಯಿಸುತ್ತಿದ್ದ ಎಣ್ಣೆ. ಕ್ರಿಸ್‌ಮಸ್ಸಿಗೆ ಬರುತ್ತೇನೆ, ಮೈತುಂಬ ಹಚ್ಚಿಕೊಂಡು ಕುಣಿಯುತ್ತೇನೆ ಎಂದು ಹೋದ ಭಾನುವಾರವಷ್ಟೇ ಫೋನಿನಲ್ಲಿ ಹೇಳಿದ್ದಳು.

ಅವಳು ಅವನ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಹಡಗಿನ ಕೆಲಸಕ್ಕೆ ಹೋದ ಅಪ್ಪ ಹಿಂತಿರುಗಲಿಲ್ಲ. ಸಾಕಿದವನು ಸೋದರಮಾವ. ಅಕ್ಕನ ಮಗು ಕೈಚಾಚಿದರೆ ಮಾವ ಇಲ್ಲವೆನ್ನುವಂತಿಲ್ಲ, ಮೆಲೆನಾಯ್ತೆಯೂ ಸಂಕೋಚಪಟ್ಟವಳಲ್ಲ. ಅವನ ರೇಡಿಯೊ ಅವಳದಾಯಿತು, ಒಳ್ಳೆಯ ಹಂದಿಮರಿ ಅವಳದಾಯಿತು. ಸಂಜೆ ಅಂಗಳದಲ್ಲಿ ಮೈಗೆ ಎಣ್ಣೆ ಬಳಿದುಕೊಂಡು ಅವಳು ಕುಣಿತ ಕಲಿಯುವಾಗ ಅವನು ದಾಸವಾಳದ ಎಲೆ ಕಿತ್ತು ಅವಳ ಭುಜಕ್ಕೆ ಅಂಟಿಸುತ್ತಿದ್ದ. ಹಬ್ಬದಲ್ಲಿ ಕುಣಿಯುವವರ ಮೈಗೆ ದುಡ್ಡಿನ ನೋಟು ಅಂಟಿಸುವುದು ಆ ದ್ವೀಪದ ರೂಢಿ, ಈ ಎಲೆಗಳು ಅವರಿಬ್ಬರ ನೋಟುಗಳು. ಒಂದು ಎಲೆ ಜಾರಿ ಬಿದ್ದರೂ ಅವಳು ಮೊದಲಿಂದ ಶುರುಮಾಡುತ್ತಿದ್ದಳು.

ನಿಜವಾದ ನೋಟು ಅಂಟಿಸುವ ದಿನ ಬಂದಾಗ ಲಫಾಯೆಲೆ ಏಳಲಿಲ್ಲ. ಅದಕ್ಕೀಗ ಹನ್ನೊಂದು ವರ್ಷ. ಅವರ ಊರು ಲಪಹದ ಚರ್ಚಿನ ಹಬ್ಬದಲ್ಲಿ ಅವಳು ಕುಣಿದಳು. ಮರುದಿನ ಅವಳ ವಿಮಾನ. ಊರಿನವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಿ ಎಣ್ಣೆ ಮಿನುಗುವ ತೋಳಿಗೆ ನೋಟು ಅಂಟಿಸಿದರು. ಹೊರದೇಶದಿಂದ ಬಂದಿದ್ದ ನೆಂಟರು ದೊಡ್ಡ ದೊಡ್ಡ ನೋಟುಗಳನ್ನೇ ಅಂಟಿಸಿದರು. ಲಫಾಯೆಲೆಯ ಜೇಬಿನಲ್ಲಿದ್ದದ್ದು ಅಲ್ಲಿನ ದುಡ್ಡಿನಲ್ಲಿ ಎರಡು ಪಾಂಗದ ಒಂದೇ ಒಂದು ಸಣ್ಣ ನೋಟು. ಅದನ್ನು ತೆಗೆದ, ನೋಡಿದ, ಮಡಚಿ ಅಂಗೈಯಲ್ಲಿ ಮುಚ್ಚಿಕೊಂಡ. ಅಷ್ಟು ಜನರೆದುರು ಇದನ್ನು ಹಿಡಿದು ಏಳುವುದು ಹೇಗೆ ಎಂದು ಲೆಕ್ಕ ಹಾಕುತ್ತಿರುವಾಗಲೇ ಹಾಡು ಮುಗಿಯಿತು. ಕುಣಿಯುತ್ತಲೇ ಅವಳು ಎರಡು ಸಲ ಅವನ ಕಡೆ ನೋಡಿದ್ದಳು.

ವಿಮಾನ ನಿಲ್ದಾಣದಲ್ಲಿ ಕೇಳಿಯೇಬಿಟ್ಟಳು.

"ಮಾವ, ನೀನ್ಯಾಕೆ ಏಳ್ಲಿಲ್ಲ?"

"ಮಂಡಿ ನೋವು ಕಣೇ."

"ಮಂಡಿ ನೋವು, ಕೈಯಲ್ಲಿ ಮಾತ್ರ ನೋಟು." ಅವಳು ನಕ್ಕಳು. "ಅದನ್ನ ಖರ್ಚು ಮಾಡ್ಬೇಡ, ಹಾಗೇ ಇಟ್ಟಿರು. ನಾನು ಬಂದು ಕುಣೀತೀನಿ. ಆಗ ನೀನೇ ಅಂಟಿಸ್ಬೇಕು."

ಅವನು ಅದನ್ನು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟ. ಆಮೇಲೆ ಅವಳು ಫೋನು ಮಾಡಿದಾಗಲೆಲ್ಲ ಮೊದಲ ಮಾತು ಒಂದೇ: "ಮಾವ, ಮಂಡಿ ಹೇಗಿದೆ?"

ಶುಕ್ರವಾರ ಪೆಟ್ಟಿಗೆ ಬಂತು. ಅವಳ ಅಪ್ಪನ ಕಡೆಯವರ ಮನೆಯಲ್ಲಿ ಇಳಿಸಿದರು. ಸೋದರತ್ತೆ ಲೊಸಾಲಿನೆ ತಲೆಯ ಬದಿಯಲ್ಲಿ ಕುಳಿತಳು. ಅದು ಅವಳ ಜಾಗ, ಆ ಮನೆಯಲ್ಲಿ ಇನ್ನು ಮಣ್ಣಾಗುವವರೆಗೂ ಅವಳದೇ ಮಾತು. ತಾಯಿಯ ಕಡೆಯವರ ಜಾಗ ಹಿತ್ತಲಿನ ನೆಲದೊಲೆಯ ಬಳಿ. ಲಫಾಯೆಲೆ ಶೋಕದ ಉಡುಗೆಯಾಗಿ ಹರಿದ ಚಾಪೆಯನ್ನು ಎದೆಯವರೆಗೂ ಸುತ್ತಿಕೊಂಡು, ಬೂದಿಯಲ್ಲಿ ಕುಳಿತು, ಬಂದವರಿಗಾಗಿ ಗೆಣಸು, ಹಂದಿ ಬೇಯಿಸಿದ. ಸೋದರಮಾವ ಹೆಣದ ಹತ್ತಿರ ಹೋಗುವುದಿಲ್ಲ. ಎಷ್ಟೋ ಸಾವಿನಲ್ಲಿ ಅವನು ಹೀಗೇ ಕುಳಿತಿದ್ದ, ಎಂದೂ ತಪ್ಪೆನಿಸಿರಲಿಲ್ಲ. ಶನಿವಾರ ಬೆಳಿಗ್ಗೆ ಮಾತ್ರ ಒಲೆಯಿಂದ ಹಿಂಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಕಣ್ಣಲ್ಲೇ ಅಳೆದ. ಇಪ್ಪತ್ತೂ ಇರಲಿಲ್ಲ.

"ಅವಳಿದ್ದಿದ್ರೆ ಇಷ್ಟೊತ್ತಿಗೆ ಈ ಹಂದಿಗೆ ಒಂದು ಕಿವಿ ಇರ್ತಿರ್ಲಿಲ್ಲ," ಎಂದ ಅವನ ದಾಯಾದಿ ಪಿಲಿಮಿ, ಕಲ್ಲು ಸರಿಸುತ್ತ.

"ಎರಡೂ ಇರ್ತಿರ್ಲಿಲ್ಲ," ಎಂದ ಲಫಾಯೆಲೆ.

ಸ್ವಲ್ಪ ಹೊತ್ತಿಗೆ ಹಿಂಬಾಗಿಲಲ್ಲಿ ಲೊಸಾಲಿನೆಯೇ ಕಾಣಿಸಿಕೊಂಡಳು. ಒಲೆಯ ಬಳಿ ಕೂತವರೆಲ್ಲ ತಲೆ ತಗ್ಗಿಸಿದರು.

"ನೀನು ಕಾಯಿಸಿದ ಎಣ್ಣೆ ಎಲ್ಲಿ ಲಫಾಯೆಲೆ? ಅಂಗಡಿ ಎಣ್ಣೆ ನಾನು ಅವಳಿಗೆ ಮುಟ್ಟಿಸಲ್ಲ."

ಅವನು ಬಾಟಲಿ ತಂದು, ಮೆಟ್ಟಿಲ ಕೆಳಗೆ ಮಂಡಿಯೂರಿ ಎರಡೂ ಕೈಯಲ್ಲಿ ಎತ್ತಿಕೊಟ್ಟ. ಬಾಟಲಿಯ ಅಡಿಯಲ್ಲಿ ನೋಟು ಇತ್ತು. ಲೊಸಾಲಿನೆ ಅದನ್ನು ಬೆರಳಲ್ಲಿ ಹಿಡಿದು ನೋಡಿದಳು. ಸಾವಿನ ಕಾಣಿಕೆಯಾದರೆ ಮುಂಬಾಗಿಲಲ್ಲಿ ಕೊಡಬೇಕೆಂದಳು.

"ಕಾಣಿಕೆ ಅಲ್ಲ ಅಕ್ಕಾವ್ರೇ. ಅವಳ ಭುಜದ್ದು ಅದು. ಅವತ್ತು ನಾನು ಏಳ್ಲಿಲ್ಲ."

ಅವಳಿಗೆ ಗೊತ್ತಿತ್ತು. ಅಂದು ಕುಣಿಯುವವಳ ಹಿಂದೆ ಬುಟ್ಟಿ ಹಿಡಿದು, ಜಾರಿ ಬಿದ್ದ ನೋಟುಗಳನ್ನು ಹೆಕ್ಕುತ್ತಿದ್ದವಳು ಅವಳೇ.

"ಕುಣಿಯೋ ಮೈಗೆ ಅಂಟಿಸೋದು ಇದು. ಮಲಗಿದೋರಿಗೆ ಅಂಟಿಸಿದ್ದನ್ನ ನನ್ನ ಎಪ್ಪತ್ತು ವರ್ಷದಲ್ಲಿ ಕಂಡಿಲ್ಲ."

"ನಾನೂ ಕಂಡಿಲ್ಲ."

ಅವಳು ಬಾಟಲಿಯನ್ನೂ ನೋಟನ್ನೂ ತೆಗೆದುಕೊಂಡು ಒಳಗೆ ಹೋದಳು.

ಒಳಗಿನಿಂದ ಕೀರ್ತನೆ ಕೇಳಿಸಿತು. ಎಣ್ಣೆಯ ವಾಸನೆ ಹಿತ್ತಲಿಗೂ ಬಂತು. ಹೊಗೆಯ ನಡುವೆಯೂ ಅವನಿಗೆ ಗುರುತು ಸಿಕ್ಕಿತು. ಮುಂಬಾಗಿಲಿಂದ ಪೆಟ್ಟಿಗೆ ಹೊರಟಾಗ ಜನರ ತಲೆಗಳ ಮೇಲೆ ಅದಕ್ಕೆ ಹೊದಿಸಿದ ಚಾಪೆಯ ಅಂಚಷ್ಟೇ ಅವನಿಗೆ ಕಂಡದ್ದು. ಬರುವವರ ಊಟಕ್ಕೆ ಒಲೆ ತೆರೆಯಬೇಕಾಗಿತ್ತು, ತೆರೆದ.

ಮಣ್ಣು ಮಾಡಿ ಬಂದವರು ಉಂಡು ಹೋಗತೊಡಗಿದ ಮೇಲೆ ಲೊಸಾಲಿನೆ ಮನೆಯನ್ನು ಸುತ್ತಿಕೊಂಡು ಹಿತ್ತಲಿಗೆ ಬಂದಳು. ಅವಳ ಕೈ ಇನ್ನೂ ಎಣ್ಣೆಯಿಂದ ಹೊಳೆಯುತ್ತಿತ್ತು. ಅವನನ್ನು ನೋಡಲಿಲ್ಲ, ಒಲೆಯ ಕಲ್ಲುಗಳನ್ನು ನೋಡುತ್ತ ಹೇಳಿದಳು.

"ಎಡಭುಜದ ಮೇಲೆ ಇಟ್ಟೆ. ಮುಚ್ಚಳ ಹಾಕೋ ತನಕ ನೋಡ್ತಾ ಇದ್ದೆ. ಬೀಳ್ಲಿಲ್ಲ."

ಅವಳು ಹೋದಳು. ಲಫಾಯೆಲೆ ಬೂದಿಯ ಮೇಲೆ ಮಂಡಿಯೂರಿದ. ಈಗ ಮಂಡಿ ನಿಜವಾಗಿಯೂ ನೋಯುತ್ತಿತ್ತು. ಪುಸ್ತಕ ತೆರೆಯಲಿಲ್ಲ, ಕೈಮುಗಿದು, ಬಾಯಿಗೆ ಬಂದದ್ದನ್ನೇ ಹೇಳಿದ.

"ತಂದೆಯೇ, ದುಡಿದು ದಣಿದು ಕಣ್ಣು ಮುಚ್ಚಿದವಳು ಇವಳು. ಪರರ ಊರಲ್ಲಿ ಎಬ್ಬಿಸುವವರು ಯಾರೂ ಇರಲಿಲ್ಲ. ನಿನ್ನ ದಿನ ಬಂದಾಗ ನೀನೇ ಮೆಲ್ಲಗೆ ಎಬ್ಬಿಸು. ಅಲ್ಲಿಯ ತನಕ ಅವಳಿಗೆ ಶಾಂತಿಯ ನಿದ್ದೆ ಕೊಡು. ಆಮೆನ್."