ಮೂರು ಹಸಿರು ಚುಕ್ಕಿ

ಕೋಟಿನ ಎಡತೋಳಿಗೆ ಸತ್ತವನ ಕೈ ತೂರುತ್ತಿರಲಿಲ್ಲ. ಮಗಳು ಮೊಣಕೈ ಮಡಿಸಲು ನೋಡಿದಳು, ಎಳೆದಳು, ಬೆವರಿದಳು. ಹಿತ್ತಾಳೆ ಗುಂಡಿಯ ಕಡುನೀಲಿ ಕೋಟು, ಸದಸ್ಯರು ಮಾತ್ರ ತೊಡುವಂಥದ್ದು. ಗಾಲ್ಫ್ ಕ್ಲಬ್ಬಿನ ಅಧ್ಯಕ್ಷರು ಬೆಳಿಗ್ಗೆ ತಾವೇ ತಂದುಕೊಟ್ಟು ಹೋಗಿದ್ದರು.

"ಬಿಡೇ," ಅಂದಳು ಬಾಗಿಲಲ್ಲಿ ನಿಂತಿದ್ದ ತಾಯಿ. "ಬದುಕಿದ್ದಾಗ ಮೈಗೆ ಹತ್ತದ ಕೋಟು ಸತ್ತ ಮೇಲೆ ಹತ್ತುತ್ತಾ?"

"ಹೊರಗಿನವರಿಗೆ ಇದನ್ನ ಯಾವತ್ತೂ ಕೊಟ್ಟಿಲ್ಲವಂತೆ ಅಮ್ಮ."

"ಹೊರಗಿನವರು! ಅಪ್ಪಂದಿರಿಗೂ ಕೋಲು ಹಿಡಿಯೋದು ಕಲಿಸಿ, ಅವರ ಮಕ್ಕಳಿಗೂ ಕಲಿಸಿದೋನು ಹೊರಗಿನವನು."

"ಇವತ್ತೊಂದು ದಿನ ಸುಮ್ನಿರು. ಅಪ್ಪನ ಜಾಗಕ್ಕೆ ನನ್ನ ತಗೋಬೇಕೋ ಬೇಡವೋ ಅಂತ ನಾಳೆ ಅವರ ಸಭೆ. ಅಧ್ಯಕ್ಷರು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ. ಅವರ ಭಾಷಣ ಕೇಳಿಸ್ಕೊಂಡು ಬಂದ್ಬಿಡೋಣ."

"ಯಾವ ಭಾಷಣ?"

"ಇನ್ಯಾವುದು, ಆ ಕೊನೇ ಕುಳಿಯ ಕತೆ."

ತಾಯಿಯ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿಯಿತು.

ಆ ಕತೆ ಕ್ಲಬ್ಬಿನ ಗೋಡೆಗಳಿಗೂ ಬಾಯಿಪಾಠವಾಗಿತ್ತು. ದೊಡ್ಡ ಕಪ್ಪಿನ ಪಂದ್ಯದಲ್ಲಿ ಕೊನೆಯ ಕುಳಿಯವರೆಗೂ ಇಬ್ಬರು ಆಟಗಾರರು ಸಮಸಮ. ಒಬ್ಬ ಧಣಿಯ ಮಗ, ಇನ್ನೊಬ್ಬ ಹೆಗಲ ಮೇಲೆ ಪರರ ಕೋಲುಗಳ ಚೀಲ ಹೊತ್ತು ಬೆಳೆದ ಕ್ಯಾಡಿ. ಉದ್ದ ಹುಲ್ಲಿನಲ್ಲಿದ್ದ ಚೆಂಡಿನ ಹಿಂದೆ ಕ್ಯಾಡಿ ಕೋಲು ಊರಿದ. ಚೆಂಡು ಕೂದಲೆಳೆಯಷ್ಟು ಅಲುಗಿತು. ನನ್ನ ಕೋಲೇ ತಗುಲಿತು ಎಂದು ಅವನೇ ಒಪ್ಪಿ, ಒಂದು ಹೊಡೆತದ ದಂಡ ತೆತ್ತು, ಆ ಒಂದೇ ಹೊಡೆತದಿಂದ ಸೋತ. ಅಂದಿನಿಂದ ಅವನ ಹೆಸರು ಸತ್ಯವಂತ. ಸತ್ಯವಂತನಿಗೆ ತರಬೇತುದಾರನ ಕೆಲಸ ಸಿಕ್ಕಿತು. ಕ್ಲಬ್ಬಿನೊಳಗೆ ಹೋಗಲು ಅಡುಗೆಮನೆಯ ಬಾಗಿಲೂ ಸಿಕ್ಕಿತು. ಗೆದ್ದ ಧಣಿಯ ಮಗನೇ ಈಗಿನ ಅಧ್ಯಕ್ಷ.

ಅಪ್ಪನ ಚೀಲ ಹೊರುತ್ತಿದ್ದ ಹಳೆಯ ಕ್ಯಾಡಿ ಒಳಗೆ ಬಂದ. ಹುಲ್ಲಿನ ಎಸಳು ತೂರಿ ಗಾಳಿಯ ದಿಕ್ಕು ಹೇಳುತ್ತಿದ್ದವನಿಗೆ ಗಾಳಿಯಣ್ಣ ಅಂತಲೇ ಹೆಸರು.

"ಗಾಡಿ ಬಂತು ಅತ್ತಿಗೆ. ಇವತ್ತು ಕ್ಲಬ್ಬಿನ ಮುಂಬಾಗಿಲಿಂದಲೇ ಅಂತೆ." ಅವನು ಮೂಗು ಒರೆಸಿಕೊಂಡ. "ನಮ್ಮಂಥೋರು ಅಲ್ಲಿಂದ ಹೋಗಬೇಕು ಅಂದ್ರೆ ಹೆಣ ಆಗಬೇಕು ನೋಡಿ."

ಮಗಳು ಸೋತು ಕೋಟನ್ನು ಅಪ್ಪನ ಎದೆಯ ಮೇಲೆ ಹರಡಿದಳು. ತಾಯಿ ಮೂಲೆಯಲ್ಲಿದ್ದ ಗಂಡನ ಚೀಲದ ಪಕ್ಕದ ಜೇಬಿಗೆ ಕೈಹಾಕಿ ಏನನ್ನೋ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

*

ಕಪ್ಪಿನ ಪಂದ್ಯದ ಆ ದಿನ ಚೀಲ ತಾಯಿಯ ಹೆಗಲ ಮೇಲಿತ್ತು. ಗಾಳಿಯಣ್ಣನಿಗೆ ಜ್ವರ, ಹೊಸ ಹೆಂಡತಿ ಗಂಡನ ಚೀಲ ಹೊತ್ತಿದ್ದಳು. ಕೊನೆಯ ಕುಳಿಯ ಅಂಚಿನ ಹುಲ್ಲಿನಲ್ಲಿ ಚೆಂಡು ಹುದುಗಿತ್ತು. ಗಂಡ ತನ್ನ ಚೆಂಡಿಗೆಲ್ಲ ಇಡುತ್ತಿದ್ದ ಮೂರು ಹಸಿರು ಚುಕ್ಕಿಗಳನ್ನು ಅವಳೇ ಮೊದಲು ಕಂಡಿದ್ದು.

ಗಂಡ ಇನ್ನೂ ಕೋಲು ಊರಿರಲಿಲ್ಲ. ಪಕ್ಕದಲ್ಲಿ ಹಾದ ಧಣಿಯ ಮಗನ ಬಲಗಾಲಿನ ಬೂಟು ಚೆಂಡಿಗೆ ತಗುಲಿತು. ಚೆಂಡು ಅರ್ಧ ಉರುಳಿ ನಿಂತಿತು. ಎದುರಾಳಿಯ ಕಾಲು ತಗುಲಿದರೆ ಯಾರಿಗೂ ದಂಡವಿಲ್ಲ, ಚೆಂಡನ್ನು ಮೊದಲಿದ್ದಲ್ಲೇ ಇಟ್ಟರಾಯಿತು. ಒಂದು ಮಾತು ಸಾಕಿತ್ತು. ಧಣಿಯ ಮಗ ಬೂಟು ನೋಡಿದ, ಚೆಂಡು ನೋಡಿದ, ಆಮೇಲೆ ಕೈ ಎತ್ತಿ ತೀರ್ಪುಗಾರರನ್ನು ಕರೆದ.

"ಇವನ ಕೋಲು ತಗುಲಿ ಚೆಂಡು ಅಲುಗಿತು."

ತೀರ್ಪುಗಾರರು ಗಂಡನ ಕಡೆ ತಿರುಗಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಅವಳ ಮಣಿಕಟ್ಟು ಹಿಡಿದ.

"ಹೌದು ಸ್ವಾಮಿ. ನನ್ನ ಕೋಲೇ."

ಮನೆಗೆ ಬಂದ ಮೇಲೆ ಅವಳು ಚೀಲವನ್ನು ನೆಲಕ್ಕೆ ಕುಕ್ಕಿದಳು. "ಸುಳ್ಳು ಯಾಕೆ ಹೇಳಿದಿರಿ?"

"ನಿಜ ಹೇಳಿದ್ರೆ ಸಾಯೋವರೆಗೂ ಸುಳ್ಳ ಆಗ್ತಿದ್ದೆ ಕಣೇ. ಸುಳ್ಳು ಹೇಳ್ದೆ, ಸತ್ಯವಂತ ಆದೆ." ಅವನು ನಗಲು ನೋಡಿದ, ಆಗಲಿಲ್ಲ. "ಆಡೋ ಹುಲ್ಲು ಅವರದು. ನಾನಿರೋವರೆಗೂ ಬಾಯಿ ಬಿಡಬೇಡ."

*

ಕೊನೆಯ ಕುಳಿಯ ಪಕ್ಕದಲ್ಲಿ ಮುಚ್ಚಳ ತೆರೆದ ಶವಪೆಟ್ಟಿಗೆ ಇಟ್ಟಿದ್ದರು. ಅಧ್ಯಕ್ಷರು ಹುಲ್ಲಿನ ಅಂಚಿನಲ್ಲಿ ನಿಂತಿದ್ದರು. ಮುದಿ ಧ್ವನಿ, ಆದರೆ ಪಳಗಿದ ಧ್ವನಿ.

"ಅವತ್ತು ಕಪ್ಪು ನನ್ನ ಕೈಗೆ ಬಂತು. ಗೆದ್ದವನು ಮಾತ್ರ ಅವನೇ."

ಜನ ತಲೆದೂಗಿದರು. "ದೊಡ್ಡ ಮನಸ್ಸು," ಅಂದರು ಯಾರೋ. "ಯಾರದು?" ಅಂದ ಗಾಳಿಯಣ್ಣ ಮೆಲ್ಲಗೆ.

ತಾಯಿ ಸಾಲಿನಿಂದ ಹೊರಬಂದಳು. ಮಗಳು ಸೆರಗು ಹಿಡಿದು ಜಗ್ಗಿದಳು. "ಅಮ್ಮ, ಬೇಡ. ನನ್ನ ಹೊಟ್ಟೆ ಮೇಲೆ ಹೊಡೀಬೇಡ." ತಾಯಿ ಅರೆಗಳಿಗೆ ನಿಂತಳು. ಈ ಮಗಳ ಹೊಟ್ಟೆಗಾಗಿಯೇ ಗಂಡ ಅಡುಗೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ನಡೆದದ್ದು. ನಾಳೆ ಇವಳು ಬಗ್ಗಬೇಕು. ಅವಳು ಸೆರಗು ಬಿಡಿಸಿಕೊಂಡಳು.

"ನಾನೀಗ ನಿಂತಿದ್ದೇನಲ್ಲ, ಇಲ್ಲೇ," ಎನ್ನುತ್ತಿದ್ದರು ಅಧ್ಯಕ್ಷರು, "ಕೂದಲೆಳೆಯಷ್ಟು ಅಲುಗಿತು ಚೆಂಡು. ಯಾರೂ ನೋಡಿರಲಿಲ್ಲ."

ತಾಯಿ ಅವರ ಮುಂದೆ ಬಂದಳು. ಮೊಣಕಾಲೂರಿ, ಮುಷ್ಟಿ ಬಿಚ್ಚಿ, ಚೆಂಡನ್ನು ಅಧ್ಯಕ್ಷರ ಬಲಗಾಲಿನ ಬೂಟಿನ ಪಕ್ಕ ಹುಲ್ಲಿನಲ್ಲಿ ಇಟ್ಟಳು. ಮೂರು ಹಸಿರು ಚುಕ್ಕಿ ಮೇಲೆ ಕಾಣುವಂತೆ ತಿರುಗಿಸಿದಳು.

ಬಲಗಾಲು ಬೆಂಕಿ ತುಳಿದಂತೆ ಹಿಂದಕ್ಕೆ ಸರಿಯಿತು.

ಅಲ್ಲಿದ್ದವರೆಲ್ಲ ಆಟ ಬಲ್ಲವರು, ಆ ಚುಕ್ಕಿ ಯಾರದೆಂದೂ ಬಲ್ಲವರು. ಬೂಟು ಯಾಕೆ ಸರಿಯಿತೆಂದು ಅವರಿಗೆ ಹೊಳೆಯಿತು. ಮಗಳು ಆ ಕಾಲನ್ನು ನೋಡಿದಳು, ಅಮ್ಮನನ್ನು ನೋಡಿದಳು.

"ಮುಂದೆ ಹೇಳಿ ಸರ್," ಅಂದಳು. "ಯಾರಿಂದ ಅಲುಗಿತು?"

ಅಧ್ಯಕ್ಷರು ತುಟಿ ಒದ್ದೆ ಮಾಡಿಕೊಂಡರು. "ಅದು... ಎಷ್ಟೋ ವರ್ಷದ ಮಾತಮ್ಮ. ನಾಳೆ ಸಭೆಗೆ ಬಾ, ಮಾತಾಡೋಣ."

ಮಗಳು ಪೆಟ್ಟಿಗೆಯ ಬಳಿ ಹೋಗಿ ಅಪ್ಪನ ಎದೆಯ ಮೇಲಿನ ಕೋಟನ್ನು ತೆಗೆದಳು. ಚೊಕ್ಕವಾಗಿ ಮಡಿಸಿ ಅಧ್ಯಕ್ಷರ ತೋಳಿನ ಮೇಲೆ ಹಾಕಿದಳು. ಕೆಳಗೆ ಮೊಣಕೈ ಸವೆದ ಬೂದುಬಣ್ಣದ ಸ್ವೆಟರ್ ಕಂಡಿತು. ಗಾಳಿಯಣ್ಣ ಪೆಟ್ಟಿಗೆಯ ಒಂದು ತುದಿಗೆ ಹೆಗಲು ಕೊಟ್ಟ. ಇನ್ನೊಂದಕ್ಕೆ ಮಗಳು ಕೊಟ್ಟಳು.

ಜನ ಹಿಂದೆ ಹೊರಟರು. ಚೆಂಡು ಹುಲ್ಲಿನಲ್ಲೇ ಇತ್ತು. ಒಬ್ಬೊಬ್ಬರೂ ಅದರ ಹತ್ತಿರ ಬರುತ್ತಲೇ ಕಾಲು ಎತ್ತಿ, ಬಳಸಿ, ದೂರ ಇಟ್ಟರು. ಅಷ್ಟು ಬೂಟುಗಳು ಹಾದರೂ ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.