ತೊಯ್ಯದ ಲಂಗೋಟಿ

ಒಣಗಿದೆ, ಈಗಲೂ ಒಣಗೇ ಇದೆ, ತೊಟ್ಟಿಲೊಳಗೆ ಕೈಯಿಳಿಸಿದ ಸುಂದರಾ ಬೆರಳುಗಳನ್ನು ಕೂಸಿನ ಕೆಳಗೇ ಬಿಟ್ಟಳು, ಮುಂಜಾನೆ ಬಿಗಿದ ಲಂಗೋಟಿ, ಸತ್ತ ಮಾವನ ಧೋತರದ್ದು, ಹೊಸ ಬಟ್ಟೆ ಕಟ್ಟಬಾರದು, ಹಿರಿಯರು ಉಟ್ಟು ಸವೆಸಿದ್ದರ ಆಯುಷ್ಯ ಕೂಸಿಗೆ ಬರುತ್ತದೆ ಎಂದು ಅತ್ತೆ ಜನಾಬಾಯಿ ತಾನೇ ಹರಿದಿದ್ದಳು — ಎಷ್ಟು ಸುಮ್ಮನೆ ಹರಿಯಿತು ಅದು, ಸದ್ದೇ ಇಲ್ಲದೆ. ನಿನ್ನೆಯ ತನಕ ಲಂಗೋಟಿ ಸಾಲುತ್ತಿರಲಿಲ್ಲ, ನೀರಿನಂಥ ಭೇದಿ, ಬಿಚ್ಚು, ಒಗೆ, ಬಿಗಿ, ಮತ್ತೆ ಬಿಚ್ಚು. ಹಾಲು ಬಿಡಸ ಬೇ, ಒಳಗ ಹೋದರ ಅಲ್ಲೇನ ಹೊರಗ ಬರೂದು, ಹೊಟ್ಟಿ ಒಣಗ್ಲಿ, ಅಂದಳು ಅತ್ತೆ, ಅವಳ ಅತ್ತೆಯೂ ಹಾಗೇ ಹೇಳಿದ್ದಳಂತೆ, ಸುಂದರಾ ಸೆರಗು ಬಿಗಿದು ಕೂತಳು, ಎದೆ ಕಲ್ಲಾಯಿತು, ಹಾಲು ಸೋರಿ ಕುಪ್ಪಸ ತೊಯ್ದಿತು, ಲಂಗೋಟಿ ತೊಯ್ಯಲಿಲ್ಲ. ನೋಡ, ಭೇದಿ ನಿಂತ್ವು, ಇವತ್ತ ನಿನಗ ಒಗ್ಯಾಣದ ಸೂಟಿ, ಎಂದು ಅತ್ತೆ ನಕ್ಕಾಗ ನಾನೂ ನಕ್ಕಿದ್ದೆನಲ್ಲ — ನಿಪ್ಪಾಣಿಯ ದವಾಖಾನೆಯಲ್ಲಿ ಹೆತ್ತಾಗ ಸಿಸ್ಟರ್ ಇದಕ್ಕೇ ನ್ಯಾಪಿ ಅಂದಿದ್ದಳು, ಲಂಗೋಟಿಗೂ ಇಂಗ್ಲಿಷ್ ಬಂತೇನ್ರಿ ಬಾಯಾರ, ಎಂದು ಗಂಡ ಭರಮು ಚೇಷ್ಟೆ ಮಾಡಿದ, ಸಿಸ್ಟರ್ ನಗಲಿಲ್ಲ, ಹೆಸರ ಏನರ ಇರ್ಲಿ, ತೊಯ್ಯಾಕತ್ತೈತಿ ಅಂದ್ರ ಅಂಜಬ್ಯಾಡ ತಂಗಿ, ಒಣಾ ಉಳೀತಂದ್ರ ಎತ್ಕೊಂಡ ಓಡಿ ಬಾ.

ಕರೆಂಟ್ ಹೋಯಿತು, ಬೋರಗಾಂವದ ಮಗ್ಗಗಳೆಲ್ಲ ಒಮ್ಮೆಲೇ ನಿಂತವು, ಇವುಗಳಲ್ಲೇ ಯಾವುದೋ ಒಂದರ ಮುಂದೆ ಭರಮು ನಿಂತಿದ್ದಾನೆ, ಆ ಮೌನದೊಳಗೆ ಆಕೆಗೆ ಮೊದಲ ಸಲ ಕೇಳಿಸಿತು, ಕೂಸು ಅಳುತ್ತಿಲ್ಲ, ಯಾವಾಗಿನಿಂದ ಅಳುತ್ತಿಲ್ಲ, ಮಗ್ಗದ ಗದ್ದಲದಲ್ಲಿ ಯಾವಾಗ ನಿಲ್ಲಿಸಿತು. ಎತ್ತಿದಳು, ನೆತ್ತಿ ಗುಳಿಬಿದ್ದಿದೆ, ಎದೆಗೆ ಹಚ್ಚಿದಳು, ತುಟಿಯ ಮೇಲೆ ಹಾಲು ಬಿತ್ತು, ತುಟಿ ಆಡಲಿಲ್ಲ, ಬಾಣಂತಿ ಬಿಸಲಾಗ ಎಲ್ಲಿ ಹೊಂಟಿ ಲೇ, ಅತ್ತೆಯ ದನಿ ಹಿಂದೆಲ್ಲೋ ಉಳಿಯಿತು, ನಿಪ್ಪಾಣಿಯ ಬಸ್ಸು, ಯಾರೋ ಜಾಗ ಬಿಟ್ಟರು, ಆಕೆ ಲಂಗೋಟಿ ಬಿಚ್ಚಿ ಕೂಸನ್ನು ಬರಿಮೈಯಲ್ಲೇ ತೊಡೆಯ ಮೇಲೆ ಮಲಗಿಸಿಕೊಂಡಳು. ಸೀರಿ ಹಸಿ ಆದೀತ ಯವ್ವಾ, ಕೆಳಗ ಏನರ ಹಾಸ್ಕೊ, ಅಂದಳು ಪಕ್ಕದಾಕೆ. ಆಗಲಿ, ಹಸಿಯಾಗಲಿ, ಸೀರೆಯೆಲ್ಲ ತೊಯ್ದು ಬಸ್ಸಿನ ಸೀಟೂ ತೊಯ್ಯಲಿ, ಕಂಡಕ್ಟರ್ ಬೈಯಲಿ, ಅವನ ಮುಂದೆ ಕೂತು ನಗುತ್ತೇನೆ — ಸೀರೆಯ ಮೇಲೆ ಬೆರಳು ಸರಿಸಿದಳು, ಒಣಗಿದೆ, ಬಸ್ಸು ಎಲ್ಲಿಯೋ ನಿಂತಿತು, ಹೊರಟಿತು, ಬೆರಳು ಸರಿಸಿದಳು, ಒಣಗಿದೆ, ಬೆರಳು, ಒಣ ಬಟ್ಟೆ, ಬೆರಳು, ಒಣ ಬಟ್ಟೆ