ಹಳೇ ಹುಲಿಗಳ ಹೊಸ ಆಲ್ಬಮ್

ವಾರದ ರಜೆಯ ದಿನ ಆ ಸಲೂನಿನ ಷಟರ್ ಅರ್ಧ ಮಾತ್ರ ಏಳುತ್ತಿತ್ತು. ಬಗ್ಗಿ ಒಳಗೆ ನುಸುಳಿದವರು ಕೂದಲು ಕತ್ತರಿಸಿಕೊಳ್ಳಲು ಬಂದವರಲ್ಲ, ಹಾಡು ಕೇಳಲು ಬಂದವರು ಎಂದು ಬೀದಿಗೆಲ್ಲ ಗೊತ್ತಿತ್ತು. ಅದೂ ಎಂಥ ಹಾಡು! ಗಿಟಾರು ಕಿರುಚಬೇಕು, ಡ್ರಮ್ಮು ಎದೆಗೆ ಗುದ್ದಬೇಕು, ಹಾಡುವವನಿಗೆ ಮೊಮ್ಮಕ್ಕಳಿರಬೇಕು. ನಿನ್ನೆ ಮೊನ್ನೆ ಹುಟ್ಟಿದ ಬ್ಯಾಂಡುಗಳಿಗೆ ಅಲ್ಲಿ ಬಾಗಿಲು ಬಂದ್.

ಸಲೂನಿನ ಒಡೆಯನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕಸುಬಿಗಿಂತ ಹೆಚ್ಚಾಗಿ ಅವನ ನಾಲಿಗೆಗೆ ಸಂದ ಹೆಸರು ಅದು. ಕೂಟದಲ್ಲಿ ಅವನಲ್ಲದೆ ಲೆಕ್ಕದ ಟೀಚರಮ್ಮ, ಔಷಧಿ ಅಂಗಡಿಯವನು, ಜೊತೆಗೆ ಕತ್ತರಿಯ ಹೆಂಡತಿಯ ಅಣ್ಣ. ಈ ಭಾವ ಬಸ್ ಡ್ರೈವರ್; ಕತ್ತರಿಗೆ ಹರೆಯದಲ್ಲಿ ರಾಕ್ ಸಂಗೀತದ ಹುಚ್ಚು ಹಿಡಿಸಿದವನೇ ಅವನು. ತಂಗಿಯನ್ನು ಕೊಟ್ಟದ್ದು ಆಮೇಲಿನ ಮಾತು.

ಕೂಟಕ್ಕೊಂದು ಕಟ್ಟಳೆಯಿತ್ತು. ಹೊಸ ಆಲ್ಬಮ್ ಹಾಕುವಾಗ ತಿರುಗುವ ಕುರ್ಚಿಗಳನ್ನೆಲ್ಲ ಕನ್ನಡಿಗೆ ಬೆನ್ನು ಮಾಡಿ ಬೋಳು ಗೋಡೆಯ ಕಡೆ ತಿರುಗಿಸಬೇಕು. ಕನ್ನಡಿ ಎದುರಿಗಿದ್ದರೆ ಒಬ್ಬರ ಮುಖ ನೋಡಿಕೊಂಡು ಇನ್ನೊಬ್ಬರು ತಲೆದೂಗುತ್ತಾರೆ ಎಂಬುದು ಟೀಚರಮ್ಮನ ದೂರು. ಕೊನೆಯ ಹಾಡು ಮುಗಿಯುವ ತನಕ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಮುಗಿದ ಮೇಲೆ ಕುರ್ಚಿ ತಿರುಗಿಸಿ, ಮುಲಾಜಿಲ್ಲದೆ ಅನಿಸಿದ್ದನ್ನು ಹೇಳಬೇಕು.

ಎಡವಟ್ಟಾದದ್ದು ಆ ಮುಲಾಜಿಲ್ಲದ ಮಾತಿನಿಂದಲೇ. ಅವರು ಹಳೇ ಹುಲಿಗಳು ಎಂದು ಕರೆಯುವ ಅಚ್ಚುಮೆಚ್ಚಿನ ಬ್ಯಾಂಡಿನ ಹೋದ ಆಲ್ಬಮ್ ಕೇಳಿ ಕತ್ತರಿ, “ದನಿ ಹೋದ ಮೇಲೂ ಮೈಕ್ ಬಿಡಲ್ಲ ಅಂದ್ರೆ ಹೇಗೆ? ವಯಸ್ಸಾಯ್ತು ಅಂದ್ರೆ ಸುಮ್ನೆ ಕೆಳಗಿಳೀಬೇಕಪ್ಪ” ಎಂದುಬಿಟ್ಟಿದ್ದ. ಭಾವ ಎದ್ದು ಹೋದ. ಅದೇ ವಾರ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದನೆಂದು ಅವನನ್ನು ಸ್ಟೀರಿಂಗಿನಿಂದ ಇಳಿಸಿ ಡಿಪೋದ ಮೇಜಿಗೆ ಕೂರಿಸಿದ್ದರು. ಆ ಸುದ್ದಿ ಕತ್ತರಿಗೆ ತಿಳಿದದ್ದು ತಡವಾಗಿ. ಕ್ಷಮೆ ಕೇಳಲು ಹೋದರೆ ಭಾವ ಹವಾಮಾನದ ಬಗ್ಗೆ ಮಾತಾಡಿ ಕಳಿಸಿದ. ಅಲ್ಲಿಂದಾಚೆಗೆ ಸಲೂನಿನ ಕಡೆ ತಲೆ ಹಾಕಲಿಲ್ಲ. ಕೂದಲನ್ನೂ ಬೇರೆ ಯಾರೋ ಕೈಕೆಟ್ಟವನ ಹತ್ತಿರ ಕತ್ತರಿಸಿಕೊಂಡು ಓಡಾಡತೊಡಗಿದ. ಕತ್ತರಿಗೆ ಅದು ಬಯ್ಗುಳಕ್ಕಿಂತ ಉರಿಯಿತು.

ಈಗ ಹುಲಿಗಳ ಹೊಸ ಆಲ್ಬಮ್ ಬಂದಿತ್ತು. ಕತ್ತರಿಯ ಹೆಂಡತಿ ತನ್ನ ಅಣ್ಣನ ಕೈಕಾಲು ಹಿಡಿದು ಬರಲು ಒಪ್ಪಿಸಿದ್ದಳು.

“ರೀ, ಇವತ್ತೊಂದಿನ ನಿಮ್ಮ ಬಾಯಿಗೆ ಬೀಗ ಹಾಕ್ಕೊಳ್ಳಿ. ಅಣ್ಣ ಈ ಸಲ ಎದ್ದು ಹೋದ್ರೆ ಇನ್ನು ಬರಲ್ಲ.”

“ಹೇಗಿದ್ರೂ ಹೊಗಳ್ತೀನಿ ಮಾರಾಯ್ತಿ. ಡಬ್ಬ ಬಡಿದಿದ್ರೂ ಹೊಗಳ್ತೀನಿ” ಎಂದು ಕತ್ತರಿ ಮಾತು ಕೊಟ್ಟ.

ಭಾವ ಬಂದ. ಕುರ್ಚಿಯ ತುದಿಯಲ್ಲಿ ಕೂತ, ನೆಂಟರ ಮನೆಗೆ ಬಂದವನ ಹಾಗೆ. ಆಲ್ಬಮಿನ ಕವರಿನೊಳಗೆ ಒಂದಲ್ಲ, ಎರಡು ರೆಕಾರ್ಡ್ ಇದ್ದವು. “ಹಾಡು ಜಾಸ್ತಿ ಕೊಟ್ಟಿದಾರೆ, ಪುಣ್ಯಾತ್ಮರು” ಎಂದು ಔಷಧಿ ಅಂಗಡಿಯವನು ಹಿಗ್ಗಿದ. ಕುರ್ಚಿಗಳು ಗೋಡೆಗೆ ತಿರುಗಿದವು, ರೆಕಾರ್ಡ್ ಪ್ಲೇಯರಿನ ಮುಳ್ಳು ಇಳಿಯಿತು.

ಹಾಡು ಶುರುವಾದದ್ದೇ ಕತ್ತರಿಯ ಎದೆ ಕುಸಿಯಿತು. ಗಿಟಾರು ಮೇವು ಹೆಚ್ಚಾದ ಎತ್ತಿನ ಹಾಗೆ ಕಾಲೆಳೆಯುತ್ತಿತ್ತು. ಡ್ರಮ್ಮಿನವನು ಒಂದೇಟು ಹೊಡೆದು ಯೋಚನೆ ಮಾಡಿ ಇನ್ನೊಂದು ಹೊಡೆಯುತ್ತಿದ್ದ. ಹಾಡುವವನ ದನಿಯಂತೂ ಬಾವಿಯ ತಳದಿಂದ ಬರುತ್ತಿತ್ತು. ರೆಕಾರ್ಡಿನ ಒಂದು ಮುಖ, ಇನ್ನೊಂದು ಮುಖ, ಆಮೇಲೆ ಮತ್ತೊಂದು ರೆಕಾರ್ಡ್. ಮುಗಿಯುವ ಹೊತ್ತಿಗೆ ಅವನ ಸೊಂಟ ಹಿಡಿದುಕೊಂಡಿತ್ತು. ಆದರೂ ಕುರ್ಚಿ ತಿರುಗಿಸಿದವನೇ ಬಾಯ್ತುಂಬ ಹೊಗಳಿದ.

“ಆಹಾ, ಏನು ತೂಕ! ವಯಸ್ಸಾದಷ್ಟೂ ದನಿ ಮಾಗಿದೆ. ಎಳೇ ಹುಡುಗರಿಗೆ ಇದು ಬರುತ್ತಾ?”

“ಅವಸರವೇ ಇಲ್ಲ” ಎಂದು ಟೀಚರಮ್ಮ ದನಿಗೂಡಿಸಿದರು. “ಒಂದೊಂದು ಸ್ವರಾನೂ ಲೆಕ್ಕ ಹಾಕಿ ಇಟ್ಟ ಹಾಗಿದೆ.”

“ಹುಲಿ ಓಡಲ್ಲ ಕಣ್ರೀ, ನಡೆಯುತ್ತೆ” ಎಂದ ಔಷಧಿ ಅಂಗಡಿಯವನು. ಹೆಂಡತಿ ಅವರಿಬ್ಬರಿಗೂ ಮೊದಲೇ ಹೇಳಿಟ್ಟಿದ್ದಳು ಎಂಬುದು ಕತ್ತರಿಗೆ ಆಗ ಹೊಳೆಯಿತು.

ಭಾವನ ಸರದಿ ಬಂತು. ಅವನು ಮೂವರ ಮುಖವನ್ನೂ ನಿಧಾನವಾಗಿ ನೋಡಿದ. “ನಂದೇನೂ ಇಲ್ಲ. ನೀವೆಲ್ಲಾ ಹೇಳಿದ್ರಲ್ಲ” ಎಂದು ಎದ್ದು ಚಪ್ಪಲಿ ಹುಡುಕತೊಡಗಿದ.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಕಾಫಿ ತಂದಳು. “ಯಾರು ಹೋಗ್ಬಿಟ್ರು? ಅವಾಗಿಂದ ಶೋಕಗೀತೆ ಹಾಕಿದೀರಲ್ಲ!”

ಔಷಧಿ ಅಂಗಡಿಯವನಿಗೆ ಏನೋ ಅನುಮಾನ ಬಂತು. ರೆಕಾರ್ಡನ್ನು ಎತ್ತಿ, ಮಾತ್ರೆಯ ಪಟ್ಟಿ ಓದುವವನ ಹಾಗೆ ಮೂಗಿನ ಹತ್ತಿರ ಹಿಡಿದ. “ಅಯ್ಯಯ್ಯೋ! ಇದು ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗದ್ದು. ನಾವು ಮೂವತ್ಮೂರರಲ್ಲಿ ಓಡಿಸಿದೀವಿ!” ಹುಲಿಗಳ ಅಷ್ಟೂ ಆಲ್ಬಮ್‌ಗಳೂ ಮೂವತ್ಮೂರರವೇ ಆದದ್ದರಿಂದ, ಪ್ಲೇಯರಿನ ವೇಗದ ಗುಂಡಿಯನ್ನು ಮುಟ್ಟಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಟೀಚರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕತ್ತರಿ ಗುಂಡಿ ತಿರುಗಿಸಿ ಮುಳ್ಳು ಇಳಿಸಿದ. ಗಿಟಾರು ಹಗ್ಗ ಕಿತ್ತ ಕರುವಿನ ಹಾಗೆ ನೆಗೆಯಿತು; ಕಪಾಟಿನ ಬಾಚಣಿಗೆಗಳು ಕುಣಿದವು. ಭಾವ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನಿಂತಲ್ಲೇ ನಿಂತ. ಈ ಸಲ ಗೋಡೆಗೆ ತಿರುಗುವ ನೆನಪೇ ಯಾರಿಗೂ ಆಗಲಿಲ್ಲ. ಎಲ್ಲರೂ ಎಲ್ಲರ ಮುಖ ನೋಡಿಕೊಂಡೇ ಕೊನೆಯವರೆಗೂ ಕೇಳಿದರು.

ಹಾಡು ನಿಂತ ಮೇಲೆ ಭಾವ ಕತ್ತರಿಯ ಎದುರು ಬಂದ. “ಈಗ ಹೇಳು.”

“ಚೆನ್ನಾಗಿದೆ ಭಾವ.”

“ಆಗ್ಲೂ ಚೆನ್ನಾಗಿದೆ ಅಂದೆ. ಹೆಣ ಹೊತ್ಕೊಂಡು ಹೋಗೋ ಹಾಗಿತ್ತು, ಅದಕ್ಕೂ ಮಾಗಿದೆ ಅಂದೆ. ನನ್ನ ಸಮಾಧಾನಕ್ಕೆ ತಾನೆ?”

ಕತ್ತರಿ ರೆಕಾರ್ಡನ್ನು ಕವರಿಗೆ ತುರುಕತೊಡಗಿದ.

“ಡಿಪೋದಲ್ಲೂ ಎಲ್ರೂ ಇದೇ” ಎಂದ ಭಾವ. “ಕೂರೋಕೆ ಕುರ್ಚಿ ಕೊಡ್ತಾರೆ, ಸರ್ ಸರ್ ಅಂತಾರೆ, ನಾನು ಬಂದ ತಕ್ಷಣ ಬಸ್ಸಿನ ಮಾತು ನಿಲ್ಲಿಸ್ತಾರೆ. ನೀನು ಅವತ್ತು ಆಡಿದ ಮಾತಿಗೆ ನಂಗೆ ಉರೀತು, ನಿಜ. ಆದ್ರೆ ನೀನೂ ಹೀಗೆ ನಯವಾಗಿ ಮಾತಾಡೋಕೆ ಶುರು ಮಾಡಿದ್ರೆ ನಾನು ಜಗಳ ಆಡೋಕೆ ಎಲ್ಲಿಗೆ ಹೋಗ್ಲಯ್ಯ?”

ಹೆಂಡತಿ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದಳು. ಕತ್ತರಿ ಅವಳ ಕಡೆ ನೋಡಲಿಲ್ಲ.

“ಕೊನೇ ಹಾಡಲ್ಲಿ ಅವನ ದನಿ ಮೇಲಕ್ಕೆ ಹೋಗ್ಲಿಲ್ಲ ಭಾವ. ಒದ್ದಾಡಿಬಿಟ್ಟ. ಆ ಹಾಡು ಅವನು ಹಾಡಬಾರ್ದಿತ್ತು.”

“ಹೌದು, ಒದ್ದಾಡಿದ” ಎಂದ ಭಾವ. ಆಮೇಲೆ ಅವನ ದನಿ ಒಮ್ಮೆಲೇ ಏರಿತು. “ಒದ್ದಾಡಿದ್ರೂ ಪೂರ್ತಿ ಹಾಡಿದಾನಲ್ಲ! ಹಾಡಬಾರ್ದಿತ್ತು ಅನ್ನೋಕೆ ನೀನ್ಯಾವ ದೊಡ್ಡ ಪಂಡಿತ?”

“ಕಾಸು ಕೊಟ್ಟು ತಂದಿದೀನಿ, ಅನ್ನದೆ ಬಿಡ್ತೀನಾ?”

“ಎರಡನೇ ಹಾಡು ಕೇಳಿದೀಯಾ ಸರಿಯಾಗಿ? ಕಿವಿ ಎಲ್ಲಿಟ್ಟಿದ್ದೆ?”

ಟೀಚರಮ್ಮ ಮೆಲ್ಲಗೆ ಕಾಫಿ ಲೋಟಗಳನ್ನು ಮೂಲೆಗೆ ಸರಿಸಿದರು. ಬೀದಿಯಲ್ಲಿ ಹೋಗುವವರು ಷಟರಿನ ಕೆಳಗೆ ಬಗ್ಗಿ ನೋಡಿದರು. ಭಾವ ಮೆಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದಲೇ ಒದ್ದು, ಕುರ್ಚಿ ಎಳೆದುಕೊಂಡು ಈ ಸಲ ಪೂರ್ತಿ ಒರಗಿ ಕೂತು, ಬೆರಳು ಮಡಚಿ ಮಡಚಿ ಬಯ್ಯತೊಡಗಿದ. ಕತ್ತರಿಗೆ ಅಳು ಬರುವಷ್ಟು ಸಂತೋಷವಾಯಿತು. ಅದನ್ನು ತೋರಿಸಿಕೊಳ್ಳದೆ ಅವನೂ ಜೋರಾಗಿ ಕೂಗಾಡಿದ.